ಮನೆಯಲ್ಲಿ ಕಟ್ಟಿದ ವಿದ್ಯುತ್ ಸೈಕಲ್ಲಿಗೆ ಮೋಟಾರ್ ಸೈಕಲ್ ಟೈರು

ಹಳೆಯ ಸೈಕಲ್ಲಿಗೆ ಹಬ್ ಮೋಟಾರು, ಬ್ಯಾಟರಿ ಮತ್ತು ಕಂಟ್ರೋಲರ್ ಜೋಡಿಸಿ ವಿದ್ಯುತ್ ಸೈಕಲ್ ಮಾಡಿಕೊಳ್ಳುವ ರೈತ ಯುವಕರು ಇಂದು ಹಲವು ಊರುಗಳಲ್ಲಿದ್ದಾರೆ. ಡೇರಿಗೆ ಹಾಲು ಒಯ್ಯಲು, ತೋಟದಿಂದ ಹುಲ್ಲಿನ ಹೊರೆ ತರಲು, ಸಂತೆಗೆ ತರಕಾರಿ ಸಾಗಿಸಲು ಇಂತಹ ಗಾಡಿ ಅನುಕೂಲಕರವಾಗಿದೆ. ಪೆಟ್ರೋಲಿನ ಖರ್ಚಿಲ್ಲ, ರಾತ್ರಿ ಮನೆಯ ಕರೆಂಟಿನಿಂದಲೇ ಚಾರ್ಜು ಆಗುತ್ತದೆ. ಆದರೆ ಬಳಕೆ ಆರಂಭಿಸಿದ ಕೆಲವೇ ದಿನಗಳಲ್ಲಿ ಒಂದು ತೊಂದರೆ ತಲೆದೋರುತ್ತದೆ. ಒಬ್ಬ ಸವಾರನನ್ನು ಹೊರಲು ಮಾಡಿದ ಸೈಕಲ್ ಟೈರು ಮೋಟಾರು, ಬ್ಯಾಟರಿ ಮತ್ತು ಹೊರೆಯ ಭಾರವನ್ನು ತಾಳಲಾರದು. ಕಲ್ಲು ದಾರಿಯಲ್ಲಿ ಟ್ಯೂಬು ಕತ್ತರಿಸುತ್ತದೆ. ಬದುವಿನ ಮೇಲೆ ಬಿದ್ದ ಬಳ್ಳಾರಿ ಜಾಲಿಯ ಮುಳ್ಳು ತೆಳು ಟೈರನ್ನು ಸುಲಭವಾಗಿ ದಾಟುತ್ತದೆ. ಹಾಲು ತಡವಾಗಿ ಡೇರಿ ಸೇರಿದರೆ ಆ ಹೊತ್ತಿನ ದುಡಿಮೆಯೇ ನಷ್ಟ.

ಇದಕ್ಕೆ ಪರಿಹಾರವಾಗಿ ಮೊಪೆಡ್ ಅಥವಾ ಮೋಟಾರ್ ಸೈಕಲ್ ಟೈರು ಹಾಕುವ ಯೋಚನೆ ಸಹಜವಾಗಿಯೇ ಬರುತ್ತದೆ. ಯೋಚನೆ ಸರಿಯಾದದ್ದೇ. ಆದರೆ ಟೈರನ್ನು ಮಾತ್ರ ಬದಲಿಸುವುದರಿಂದ ಕೆಲಸ ಮುಗಿಯುವುದಿಲ್ಲ. ಟೈರಿನೊಡನೆ ರಿಮ್ಮು, ಸ್ಪೋಕ್ ಕಡ್ಡಿ, ಫೋರ್ಕು ಮತ್ತು ಬ್ರೇಕು ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ಇರಬೇಕು. ಇವುಗಳಲ್ಲಿ ಯಾವುದು ದುರ್ಬಲವೋ ಅಷ್ಟೇ ಆ ಗಾಡಿಯ ಬಲ. ಈ ಕೆಲಸಕ್ಕೆ ಕೈ ಹಾಕುವವರು ತಿಳಿದಿರಬೇಕಾದ ಅಂಶಗಳನ್ನು ಮುಂದೆ ವಿವರಿಸಲಾಗಿದೆ.

ಟೈರು ರಿಮ್ಮಿನ ಮೇಲೆ ನಿಲ್ಲುವ ಬಗೆ

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್ಲಪ್ ವೃತ್ತಿಯಿಂದ ಪಶುವೈದ್ಯರು. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿದ್ದ ಅವರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಟೈರಿಗೆ 1888ರಲ್ಲಿ ಪೇಟೆಂಟು ಪಡೆದರು. ಆ ಮೊದಲ ಟೈರನ್ನು ಚಕ್ರಕ್ಕೆ ಅಂಟಿಸಿ ಬಟ್ಟೆ ಸುತ್ತಿ ನಿಲ್ಲಿಸಬೇಕಾಗಿತ್ತು. ಪಂಕ್ಚರ್ ಆದರೆ ಬಿಚ್ಚುವುದೇ ದೊಡ್ಡ ಕೆಲಸ. 1890ರಲ್ಲಿ ಚಾರ್ಲ್ಸ್ ವೆಲ್ಚ್ ಎಂಬವರು ಟೈರಿನ ಎರಡೂ ಅಂಚುಗಳಲ್ಲಿ ಹಿಗ್ಗದ ತಂತಿಯ ಬಳೆ ಇಟ್ಟು, ಅದಕ್ಕೆ ಹೊಂದುವ ರಿಮ್ಮನ್ನು ರೂಪಿಸಿದರು. ಇಂದಿನ ಸೈಕಲ್ ಮತ್ತು ಮೋಟಾರ್ ಸೈಕಲ್ ಟೈರುಗಳಲ್ಲಿರುವುದು ಇದೇ ತತ್ವ. ಟೈರ್ ಅಂಗಡಿಯವರು ಈ ತಂತಿಯ ಅಂಚನ್ನು ಬೀಡ್ ಎಂದು ಕರೆಯುತ್ತಾರೆ.

ಒಳಗಿನ ಗಾಳಿ ಬೀಡನ್ನು ರಿಮ್ಮಿನ ತುಟಿಗೆ ಒತ್ತಿ ಹಿಡಿಯುತ್ತದೆ. ತಂತಿಯ ಬಳೆ ಹಿಗ್ಗುವುದಿಲ್ಲವಾದ್ದರಿಂದ ಟೈರು ರಿಮ್ಮನ್ನು ದಾಟಿ ಹೊರಬರಲಾರದು. ಹೀಗೆ ಆಗಬೇಕಾದರೆ ಬಳೆಯ ಅಳತೆಯೂ ರಿಮ್ಮಿನಲ್ಲಿ ಅದು ಕೂರುವ ಜಾಗದ ಅಳತೆಯೂ ಒಂದೇ ಆಗಿರಬೇಕು. ಬಳೆ ದೊಡ್ಡದಾದರೆ ತಿರುವಿನಲ್ಲಿ ಟೈರು ಕಳಚಿಕೊಳ್ಳುತ್ತದೆ. ಚಿಕ್ಕದಾದರೆ ರಿಮ್ಮಿಗೆ ಏರುವುದಿಲ್ಲ. ಬಲವಂತವಾಗಿ ಏರಿಸಿದರೆ ತಂತಿ ತುಂಡಾಗುವ ಸಂಭವವಿದೆ. ಒಳಗೆ ತುಂಡಾದ ತಂತಿ ಹೊರಗೆ ಕಾಣುವುದಿಲ್ಲ. ಗಾಳಿ ತುಂಬಿ ಹೊರೆ ಹೇರಿದಾಗಲೇ ಅದು ಗೊತ್ತಾಗುವುದು.

ಅಳತೆಗಳನ್ನು ಓದುವ ಕ್ರಮ

ಸೈಕಲ್ ಟೈರಿನ ಅಂಗುಲದ ಅಳತೆ ಮತ್ತು ಮೋಟಾರ್ ಸೈಕಲ್ ಟೈರಿನ ಅಂಗುಲದ ಅಳತೆ ಬೇರೆ ಬೇರೆ. ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಸೈಕಲ್ಲಿನಲ್ಲಿ 26 ಅಂಗುಲ ಎಂದರೆ ಟೈರು ಸೇರಿದ ಚಕ್ರದ ಹೊರ ಅಳತೆ, ಅದೂ ಅಂದಾಜಿನದು. ಮೋಟಾರ್ ಸೈಕಲ್ಲಿನಲ್ಲಿ 18 ಅಂಗುಲ ಎಂದರೆ ರಿಮ್ಮಿನ ಮೇಲೆ ಬೀಡ್ ಕೂರುವ ಜಾಗದ ವ್ಯಾಸ.

ಮೊಪೆಡ್ ಟೈರಿನ ಮೇಲೆ 2.50-16 ಎಂದು ಬರೆದಿದ್ದರೆ 2.50 ಎನ್ನುವುದು ಟೈರಿನ ಅಗಲ, ಅಂಗುಲಗಳಲ್ಲಿ. 16 ಎನ್ನುವುದು ರಿಮ್ಮಿನ ವ್ಯಾಸ. ಒಂದು ಅಂಗುಲಕ್ಕೆ 25.4 ಮಿ.ಮೀ. ಆದ್ದರಿಂದ ಈ ಟೈರಿನ ಅಗಲ ಸುಮಾರು 63 ಮಿ.ಮೀ., ರಿಮ್ಮಿನ ವ್ಯಾಸ ಸುಮಾರು 406 ಮಿ.ಮೀ. ಇದರಂತೆಯೇ 2.75-17, 2.75-18, 3.00-17 ಮುಂತಾದ ಟೈರುಗಳು ನಮ್ಮ ರಸ್ತೆಯ ಸಾಮಾನ್ಯ ಮೋಟಾರ್ ಸೈಕಲ್ಲುಗಳಲ್ಲಿ ಬಳಕೆಯಲ್ಲಿವೆ.

ಸೈಕಲ್ ಟೈರಿನ ಬದಿಯಲ್ಲಿ ಅಂಗುಲದ ಅಳತೆಯ ಜೊತೆಗೆ 50-559 ಎಂಬಂತಹ ಇನ್ನೊಂದು ಅಂಕಿ ಇರುತ್ತದೆ. ಇದರಲ್ಲಿ 50 ಎಂದರೆ ಅಗಲ, 559 ಎಂದರೆ ಬೀಡ್ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ.ಗಳಲ್ಲಿ. ಹೋಲಿಸಿ ನೋಡಲು ಈ ಅಂಕಿಯೇ ನಂಬಲರ್ಹ. ದಪ್ಪ ಟೈರಿನ 26 ಅಂಗುಲದ ಸೈಕಲ್ ರಿಮ್ಮು 559 ಮಿ.ಮೀ. ಇದ್ದರೆ, ಹಳೆಯ 28 ಅಂಗುಲದ ಸೈಕಲ್ ರಿಮ್ಮು 635 ಮಿ.ಮೀ. ಇರುತ್ತದೆ. 18 ಅಂಗುಲದ ಮೋಟಾರ್ ಸೈಕಲ್ ರಿಮ್ಮು ಸುಮಾರು 457 ಮಿ.ಮೀ. ಮಾತ್ರ. ಆದ್ದರಿಂದ ಮೋಟಾರ್ ಸೈಕಲ್ ಟೈರು ಈ ಸೈಕಲ್ ರಿಮ್ಮುಗಳಿಗೆ ಏರುವ ಪ್ರಶ್ನೆಯೇ ಇಲ್ಲ.

ಒಂದು ಕಡೆ ಮಾತ್ರ ಅಂಕಿಗಳು ಕೂಡಿಬರುತ್ತವೆ. ಮಕ್ಕಳ 20 ಅಂಗುಲದ ಸೈಕಲ್ಲಿನ ದಪ್ಪ ಟೈರಿನ ರಿಮ್ಮು 406 ಮಿ.ಮೀ. ಮೊಪೆಡ್ಡಿನ 16 ಅಂಗುಲದ ರಿಮ್ಮು ಸಹ ಹೆಚ್ಚುಕಡಿಮೆ ಅಷ್ಟೇ. ಇದನ್ನು ಕಂಡು ಕೆಲವರು ಸೈಕಲ್ ರಿಮ್ಮಿಗೇ ಮೊಪೆಡ್ ಟೈರನ್ನು ಹಾಕುತ್ತಾರೆ. ವ್ಯಾಸ ಕೂಡಿದ ಮಾತ್ರಕ್ಕೆ ರಿಮ್ಮು ಹೊಂದಿತೆಂದು ತಿಳಿಯಬಾರದು. ಮೊಪೆಡ್ ರಿಮ್ಮಿನ ಮಧ್ಯದಲ್ಲಿ ಆಳವಾದ ಗುಂಡಿ ಇರುತ್ತದೆ. ಒಂದು ಕಡೆ ಬೀಡನ್ನು ಆ ಗುಂಡಿಗೆ ಇಳಿಸಿದಾಗ ಇನ್ನೊಂದು ಕಡೆ ಸಡಿಲ ಸಿಕ್ಕಿ ಟೈರು ಏರುತ್ತದೆ. ಸೈಕಲ್ ರಿಮ್ಮಿನಲ್ಲಿ ಈ ಗುಂಡಿ ಆಳವಿಲ್ಲ, ಒಳ ಅಗಲವೂ ಕಡಿಮೆ. ಕಿರಿದಾದ ರಿಮ್ಮಿನ ಮೇಲೆ ಅಗಲವಾದ ಟೈರು ಬುಗ್ಗೆಯಂತೆ ಉಬ್ಬಿ ತಿರುವಿನಲ್ಲಿ ಓಲಾಡುತ್ತದೆ. ಹೊರೆ ಹೊರುವ ಗಾಡಿಗೆ ಇದು ಸಲ್ಲದು. ಮೋಟಾರ್ ಸೈಕಲ್ ಟೈರಿಗೆ ಮೋಟಾರ್ ಸೈಕಲ್ ರಿಮ್ಮೇ ಆಗಬೇಕು.

ರಿಮ್ಮಿನ ಅಗಲವನ್ನೂ ಅಂಗುಲಗಳಲ್ಲಿ ಹೇಳುತ್ತಾರೆ. 2.50 ಟೈರಿಗೆ 1.40 ಅಥವಾ 1.60, 2.75 ಟೈರಿಗೆ 1.60 ಅಥವಾ 1.85, 3.00 ಟೈರಿಗೆ 1.85 ಅಗಲದ ರಿಮ್ಮು ಹೊಂದುತ್ತದೆ. ರಿಮ್ಮು ಕೊಳ್ಳುವಾಗ ಅದರ ಮೇಲೆ ಒತ್ತಿರುವ ಅಂಕಿಯನ್ನು ಓದಿ ಕೊಳ್ಳುವುದು ಉತ್ತಮ.

ಎಷ್ಟು ಭಾರಕ್ಕೆ ಯಾವ ಟೈರು

ಟೈರಿನ ಬದಿಯಲ್ಲಿ ಅಳತೆಯ ನಂತರ 41ಎಲ್, 42ಪಿ ಎಂಬಂತಹ ಗುರುತು ಇರುತ್ತದೆ. ಅದರಲ್ಲಿನ ಅಂಕಿ ಭಾರದ ಸಂಕೇತ, ಅಕ್ಷರ ವೇಗದ ಸಂಕೇತ. 41 ಎಂದರೆ ಆ ಒಂದು ಟೈರು 145 ಕಿ.ಗ್ರಾಂ, 42 ಎಂದರೆ 150 ಕಿ.ಗ್ರಾಂ, 48 ಎಂದರೆ 180 ಕಿ.ಗ್ರಾಂ ಹೊರಬಲ್ಲದು. ಎಲ್ ಎಂದರೆ ಗಂಟೆಗೆ 120 ಕಿ.ಮೀ., ಪಿ ಎಂದರೆ 150 ಕಿ.ಮೀ. ವೇಗದವರೆಗೆ ತಕ್ಕದ್ದು ಎಂದರ್ಥ. 4 ಪಿ.ಆರ್., 6 ಪಿ.ಆರ್. ಎಂಬ ಗುರುತು ಟೈರಿನೊಳಗಿನ ನೂಲು ಪದರದ ಬಲವನ್ನು ಸೂಚಿಸುತ್ತದೆ. ಅಂಕಿ ಹೆಚ್ಚಿದಷ್ಟೂ ಟೈರು ಗಟ್ಟಿ, ಜೊತೆಗೆ ಬಿರುಸು.

ಭಾರವನ್ನು ಒಂದು ಉದಾಹರಣೆಯಿಂದ ಲೆಕ್ಕ ಹಾಕಬಹುದು. ಬ್ಯಾಟರಿ ಮತ್ತು ಮೋಟಾರು ಸೇರಿ ಗಾಡಿ 40 ಕಿ.ಗ್ರಾಂ, ಸವಾರ 65 ಕಿ.ಗ್ರಾಂ, 20 ಲೀಟರಿನ ಎರಡು ಕ್ಯಾನುಗಳಲ್ಲಿನ ಹಾಲು ಸುಮಾರು 41 ಕಿ.ಗ್ರಾಂ, ಖಾಲಿ ಕ್ಯಾನು ಮತ್ತು ಕೊಕ್ಕೆ 9 ಕಿ.ಗ್ರಾಂ ಎಂದಿಟ್ಟುಕೊಂಡರೆ ಒಟ್ಟು 155 ಕಿ.ಗ್ರಾಂ ಆಗುತ್ತದೆ. ಹೊರೆ ಕ್ಯಾರಿಯರ್ ಮೇಲಿದ್ದರೆ ಮೂರರಲ್ಲಿ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು, ಅಂದರೆ 103 ಕಿ.ಗ್ರಾಂಗಿಂತ ಅಧಿಕ ಭಾರ, ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ನಿಖರವಾಗಿ ತಿಳಿಯಬೇಕಾದರೆ ಧಾನ್ಯ ತೂಗುವ ಹಾಸು ತಕ್ಕಡಿಯ ಮೇಲೆ ಹಿಂದಿನ ಚಕ್ರವನ್ನು ನಿಲ್ಲಿಸಿ, ಮುಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟು, ಸವಾರ ಕುಳಿತು ತೂಗಬಹುದು.

ಈ ಭಾರಕ್ಕೆ 145 ಕಿ.ಗ್ರಾಂ ಹೊರುವ 2.50-16 ಮೊಪೆಡ್ ಟೈರು ಸಾಕಷ್ಟಾಯಿತು. ಇದಕ್ಕಿಂತ ದಪ್ಪ ಟೈರು ಹಾಕುವುದರಿಂದ ಸೈಕಲ್ ಚೌಕಟ್ಟಿಗೆ ತೂಕ ಹೆಚ್ಚುವುದೇ ಹೊರತು ಬೇರೆ ಲಾಭವಿಲ್ಲ.

ಚಕ್ರ ಚಿಕ್ಕದಾದರೆ ಆಗುವ ಬದಲಾವಣೆ

ರಿಮ್ಮು ಬದಲಾದಾಗ ಚಕ್ರದ ಹೊರ ಅಳತೆಯೂ ಬದಲಾಗುತ್ತದೆ. ನಿಮಿಷಕ್ಕೆ 200 ಸುತ್ತು ತಿರುಗುವ ಹಬ್ ಮೋಟಾರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂದಾಜು ಹೀಗಾಗುತ್ತದೆ:

26 ಅಂಗುಲದ ಸೈಕಲ್ ಚಕ್ರ: ಹೊರ ವ್ಯಾಸ 660 ಮಿ.ಮೀ., ಗಂಟೆಗೆ 25 ಕಿ.ಮೀ.
2.75-18 ಟೈರು: ಹೊರ ವ್ಯಾಸ 597 ಮಿ.ಮೀ., ಗಂಟೆಗೆ 22.5 ಕಿ.ಮೀ.
2.75-17 ಟೈರು: ಹೊರ ವ್ಯಾಸ 572 ಮಿ.ಮೀ., ಗಂಟೆಗೆ 21.5 ಕಿ.ಮೀ.
2.50-16 ಟೈರು: ಹೊರ ವ್ಯಾಸ 533 ಮಿ.ಮೀ., ಗಂಟೆಗೆ 20 ಕಿ.ಮೀ.

ವೇಗ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಎಳೆಯುವ ಬಲ ಹೆಚ್ಚುತ್ತದೆ. 26 ಅಂಗುಲದ ಚಕ್ರಕ್ಕಿಂತ 2.50-16ರ ಚಕ್ರದಲ್ಲಿ ಅದೇ ಮೋಟಾರು ಸುಮಾರು ನಾಲ್ಕರಲ್ಲಿ ಒಂದು ಭಾಗ ಹೆಚ್ಚು ಬಲದಿಂದ ನೆಲವನ್ನು ತಳ್ಳುತ್ತದೆ. ಏರು ದಾರಿಯಲ್ಲಿ ಹೊರೆ ಎಳೆಯುವಾಗ ಮೋಟಾರು ಬಿಸಿಯಾಗುವುದೂ ಕಡಿಮೆಯಾಗುತ್ತದೆ. ಹೊಲದ ಕೆಲಸಕ್ಕೆ ಇದು ಲಾಭವೇ. ಹೋದ ವೇಗವನ್ನು ಮರಳಿ ಪಡೆಯಲು ಹೆಚ್ಚು ವೋಲ್ಟಿನ ಬ್ಯಾಟರಿ ಹಾಕುವುದು ಮಾತ್ರ ಸರಿಯಲ್ಲ. ವೇಗ ತೋರಿಸುವ ಮೀಟರಿನಲ್ಲಿ ಚಕ್ರದ ಹೊಸ ಅಳತೆಯನ್ನು ತುಂಬದಿದ್ದರೆ ಅದು ತಪ್ಪು ವೇಗ ತೋರಿಸುತ್ತದೆ.

ನಷ್ಟದ ಕಡೆಯನ್ನೂ ನೋಡಬೇಕು. 2.50-16 ಹಾಕಿದಾಗ ಚಕ್ರದ ಅಚ್ಚು ಸುಮಾರು 63 ಮಿ.ಮೀ. ಕೆಳಗಿಳಿಯುತ್ತದೆ. ಎರಡೂ ಚಕ್ರಗಳನ್ನು ಬದಲಿಸಿದರೆ ಪೆಡಲಿನ ಅಚ್ಚೂ ಅಷ್ಟೇ ಇಳಿಯುತ್ತದೆ. ಪೆಡಲಿನ ಅಚ್ಚು ನೆಲದಿಂದ 290 ಮಿ.ಮೀ. ಎತ್ತರವಿದ್ದ ಸೈಕಲ್ಲಿನಲ್ಲಿ 170 ಮಿ.ಮೀ. ಉದ್ದದ ಪೆಡಲ್ ಕೈ ಕೆಳಗೆ ಬಂದಾಗ ನೆಲಕ್ಕೂ ಅದಕ್ಕೂ 120 ಮಿ.ಮೀ. ಅಂತರ ಇರುತ್ತಿತ್ತು. ಚಕ್ರ ಬದಲಾದ ಮೇಲೆ 57 ಮಿ.ಮೀ. ಮಾತ್ರ ಉಳಿಯುತ್ತದೆ. ಗಾಡಿ ಜಾಡಿನಲ್ಲಿ, ಬದುವಿನ ಮೇಲೆ, ತಿರುವಿನಲ್ಲಿ ವಾಲಿದಾಗ ಪೆಡಲು ನೆಲಕ್ಕೆ ತಾಗಿ ಸವಾರ ಬೀಳುವ ಅಪಾಯವಿದೆ. ಇಂತಹ ದಾರಿಯುಳ್ಳವರು 2.75-18 ಆರಿಸಿದರೆ ಇಳಿಕೆ 31 ಮಿ.ಮೀ.ಗೆ ನಿಲ್ಲುತ್ತದೆ. ಆದರೆ ಆ ಟೈರು 70 ಮಿ.ಮೀ. ಅಗಲವಿರುವುದರಿಂದ ಚೌಕಟ್ಟಿನಲ್ಲಿ ಜಾಗ ಬೇಕು.

ಹಿಂದಿನ ಚಕ್ರವನ್ನು ಮಾತ್ರ ಬದಲಿಸಿದರೆ ಗಾಡಿ ಹಿಂದಕ್ಕೆ ವಾಲಿ, ಮುಂದಿನ ಫೋರ್ಕು ಮೂರು ಡಿಗ್ರಿಗಿಂತ ಹೆಚ್ಚು ಮಲಗುತ್ತದೆ. ಹ್ಯಾಂಡಲ್ ನಿಧಾನ ವೇಗದಲ್ಲಿ ತಾನಾಗಿಯೇ ಪಕ್ಕಕ್ಕೆ ಹೊರಳತೊಡಗುತ್ತದೆ. ಆದ್ದರಿಂದ ಹಿಂದು ಮುಂದಿನ ಎರಡೂ ಚಕ್ರಗಳ ಹೊರ ವ್ಯಾಸ ಹೆಚ್ಚುಕಡಿಮೆ ಸಮನಾಗಿರುವಂತೆ ನೋಡಿಕೊಳ್ಳಬೇಕು.

ಚೌಕಟ್ಟು ಮತ್ತು ಫೋರ್ಕಿನ ಪರೀಕ್ಷೆ

ಟೈರು ಕೊಳ್ಳುವ ಮೊದಲೇ ಅಳತೆ ಪಟ್ಟಿ ಹಿಡಿದು ಎರಡು ಕಡೆ ನೋಡಬೇಕು. ಒಂದು, ಹಿಂದಿನ ಚಕ್ರದ ಎರಡು ಬದಿಯ ಕೊಳವೆಗಳ ನಡುವಿನ ಜಾಗ. ಎರಡು, ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವಿನ ಜಾಗ. ಟೈರು ನಿಲ್ಲುವ ಎತ್ತರದಲ್ಲಿಯೇ ಅಳೆಯಬೇಕು. ಟೈರಿನ ಪ್ರತಿ ಬದಿಗೂ ಕನಿಷ್ಠ 7 ಮಿ.ಮೀ. ಬಿಡುವು ಇರಬೇಕು. 63 ಮಿ.ಮೀ. ಟೈರಿಗೆ ಹೀಗೆ 77 ಮಿ.ಮೀ. ಜಾಗ ಬೇಕಾಗುತ್ತದೆ. ಜೇಡಿಮಣ್ಣಿನ ದಾರಿಯಲ್ಲಿ ಕೆಸರು ಕಚ್ಚಿಕೊಳ್ಳುವುದರಿಂದ ಇನ್ನೂ ಹೆಚ್ಚು ಬಿಡುವು ಇದ್ದರೆ ಒಳ್ಳೆಯದು. ಎರೆ ಭೂಮಿಯ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೈನು ಟೈರಿನ ಬದಿಗೆ ತಾಗುವುದೇ ಎಂಬುದನ್ನೂ ಪರೀಕ್ಷಿಸಬೇಕು.

ಜಾಗ ಸಾಲದೆಂದು ಕೊಳವೆಯನ್ನು ಬಡಿದು ಚಪ್ಪಟೆ ಮಾಡುವುದು ಅಥವಾ ಫೋರ್ಕಿನ ಕಾಲುಗಳನ್ನು ಹಿಗ್ಗಿಸುವುದು ಅಪಾಯಕರ. ಅಲ್ಯೂಮಿನಿಯಂ ಚೌಕಟ್ಟನ್ನು ಬಗ್ಗಿಸಲೇಬಾರದು, ಅದು ಕಾಣದ ಬಿರುಕು ಬಿಟ್ಟು ಮುಂದೊಂದು ದಿನ ಮುರಿಯುತ್ತದೆ. ಉಕ್ಕಿನ ಚೌಕಟ್ಟಿಗೆ ಅನುಭವಿ ವೆಲ್ಡರಿಂದ ಹೊಸ ಹಿಂಭಾಗವನ್ನು ಕೂಡಿಸಬಹುದು. ಆ ಸೌಕರ್ಯ ಇಲ್ಲದವರು ಜಾಗಕ್ಕೆ ಹೊಂದುವ ದಪ್ಪ ಸೈಕಲ್ ಟೈರಿನಲ್ಲಿಯೇ ತೃಪ್ತರಾಗುವುದು ಮೇಲು.

ಹಬ್ ಮೋಟಾರಿನ ಅಚ್ಚನ್ನು ಹಿಡಿಯುವ ಸೀಳನ್ನೂ ಗಮನಿಸಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಸೀಳು ಸವೆದರೆ ಅಚ್ಚು ಒಮ್ಮೆಲೇ ತಿರುಗಿ ಮೋಟಾರಿನ ತಂತಿಗಳನ್ನು ಹರಿದುಹಾಕುತ್ತದೆ, ಚಕ್ರ ಕಳಚುವುದೂ ಉಂಟು. ಅಚ್ಚು ತಿರುಗದಂತೆ ಹಿಡಿಯುವ ಉಕ್ಕಿನ ಪಟ್ಟಿಯನ್ನು ಎರಡೂ ಬದಿಗೆ ಹಾಕುವುದು ಅವಶ್ಯ.

ರಿಮ್ಮು ಕಟ್ಟುವುದು

ಹಬ್ ಮೋಟಾರಿನ ತೂತುಗಳ ಸಂಖ್ಯೆಯೂ ರಿಮ್ಮಿನ ತೂತುಗಳ ಸಂಖ್ಯೆಯೂ ಒಂದೇ ಇರಬೇಕು. ಸಾಮಾನ್ಯವಾಗಿ ಇದು 36. ಆದರೂ ಎಣಿಸಿಯೇ ಕೊಳ್ಳಬೇಕು. ಸಾಧಾರಣ ಸೈಕಲ್ ಸ್ಪೋಕು 2 ಮಿ.ಮೀ. ದಪ್ಪದ 14 ಗೇಜಿನದು. ಹೊರೆ ಹೊರುವ ಮೋಟಾರು ಚಕ್ರಕ್ಕೆ 2.3 ಮಿ.ಮೀ.ನ 13 ಗೇಜ್ ಅಥವಾ 2.6 ಮಿ.ಮೀ.ನ 12 ಗೇಜ್ ಕಡ್ಡಿ ಬೇಕು. ಮೋಟಾರ್ ಸೈಕಲ್ ರಿಮ್ಮಿನ ತೂತು ದೊಡ್ಡದಾಗಿರುವುದರಿಂದ ಸೈಕಲ್ ನಿಪ್ಪಲ್ ಅದರಲ್ಲಿ ಜಾರಿಹೋಗಬಹುದು. ಹೊಂದುವ ದಪ್ಪ ನಿಪ್ಪಲನ್ನೇ ಹಾಕಬೇಕು, ಇಲ್ಲವೇ ತಕ್ಕ ವಾಷರ್ ಕೊಡಬೇಕು.

ಹಬ್ ಮೋಟಾರು ಅಗಲವಾದದ್ದು, ರಿಮ್ಮು ಚಿಕ್ಕದು. ಆದ್ದರಿಂದ ಕಡ್ಡಿಗಳು ಗಿಡ್ಡವಾಗಿ ಓರೆಯಾಗಿ ನಿಲ್ಲುತ್ತವೆ. ಸೈಕಲ್ಲಿನಂತೆ ಮೂರು ಕತ್ತರಿ ಹಾಕಿ ಕಟ್ಟಿದರೆ ನಿಪ್ಪಲಿನ ಬಳಿ ಕಡ್ಡಿ ಬಾಗಿ ಅಲ್ಲಿಯೇ ಮುರಿಯುತ್ತದೆ. ಒಂದೇ ಕತ್ತರಿ ಹಾಕಿ ಕಟ್ಟುವುದು ಸೂಕ್ತ. ಕಟ್ಟಿದ ಮೇಲೆ ಪ್ರತಿ ಕಡ್ಡಿಯೂ ನಿಪ್ಪಲಿನಿಂದ ನೇರವಾಗಿ ಹೊರಟಿದೆಯೇ ಎಂದು ನೋಡಬೇಕು. ಕಡ್ಡಿಯ ಉದ್ದ ರಿಮ್ಮನ್ನೂ ಹಬ್ಬನ್ನೂ ಅವಲಂಬಿಸಿರುವುದರಿಂದ ಎರಡನ್ನೂ ಚಕ್ರ ಕಟ್ಟುವವರ ಬಳಿ ಒಯ್ದು ಅಳೆಯಿಸಿದ ನಂತರವೇ ಕಡ್ಡಿ ಕತ್ತರಿಸಬೇಕು. ಬೆಂಡು ತೆಗೆಯುವಾಗ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬಾರದು. ನಿಪ್ಪಲಿನಿಂದ ಒಳಕ್ಕೆ ಚಾಚಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ಮೇಲೆ ರಬ್ಬರ್ ಪಟ್ಟಿ ಹಾಕದಿದ್ದರೆ ಟ್ಯೂಬಿಗೆ ಒಳಗಿನಿಂದಲೇ ತೂತು ಬೀಳುತ್ತದೆ.

ಟೈರು ಹಾಕುವ ಕ್ರಮ

1. ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಬೇಕು. ಮೋಟಾರಿನ ತಂತಿಯ ಜೋಡಣೆಯನ್ನು ಗುರುತು ಹಾಕಿಕೊಂಡು ಬಿಚ್ಚಿ ಚಕ್ರವನ್ನು ಹೊರತೆಗೆಯಬೇಕು. ತಂತಿ ಅಚ್ಚಿನೊಳಗಿಂದ ಬರುವುದರಿಂದ ಚಕ್ರವನ್ನು ಆ ಬದಿಗೆ ಮಲಗಿಸಬಾರದು.

2. ಟೈರಿನ ಬದಿಯಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ಬೀಡ್ ಮತ್ತು ರಿಮ್ಮಿನ ತುಟಿಗೆ ಸೋಪಿನ ನೀರು ಹಚ್ಚಬೇಕು. ಗ್ರೀಸ್ ಅಥವಾ ಎಂಜಿನ್ ಎಣ್ಣೆ ಹಚ್ಚಬಾರದು, ಅದು ರಬ್ಬರನ್ನು ಕೆಡಿಸುವುದಲ್ಲದೆ ಟೈರು ಜಾರುವಂತೆ ಮಾಡುತ್ತದೆ.

3. ಟೈರಿನ ಅಳತೆಯದೇ ಮೋಟಾರ್ ಸೈಕಲ್ ಟ್ಯೂಬನ್ನು ಉಪಯೋಗಿಸಬೇಕು. ಅದರ ವಾಲ್ವು ಸೈಕಲ್ ವಾಲ್ವಿನಂತಲ್ಲ, ರಿಮ್ಮಿನ ತೂತು ಅದಕ್ಕೆ ಹೊಂದಬೇಕು.

4. ಮೊದಲನೆಯ ಬೀಡನ್ನು ಏರಿಸಿದ ನಂತರ ಟ್ಯೂಬು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡಬೇಕು. ವಾಲ್ವಿನ ನಟ್ಟನ್ನು ತುದಿಯಲ್ಲಿ ಮಾತ್ರ ಹಿಡಿಸಬೇಕು.

5. ಎರಡನೆಯ ಬೀಡನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಬೇಕು. ಆಗಲೇ ಏರಿದ ಭಾಗವನ್ನು ಮಂಡಿಯಿಂದ ಒತ್ತಿ ರಿಮ್ಮಿನ ನಡು ಗುಂಡಿಗೆ ಇಳಿಸಿದರೆ ಕೊನೆಯ ಭಾಗ ಸುಲಭವಾಗಿ ಏರುತ್ತದೆ. ಲಿವರಿಗೆ ಬಹಳ ಬಲ ಬೇಕಾದರೆ ಬೀಡ್ ಗುಂಡಿಯಲ್ಲಿಲ್ಲ ಎಂದು ತಿಳಿಯಬೇಕು. ಹೆಚ್ಚು ಉದ್ದದ ಕಬ್ಬಿಣ ತರುವುದು ಪರಿಹಾರವಲ್ಲ.

6. ವಾಲ್ವನ್ನು ಒಳಕ್ಕೆ ಒತ್ತಿ ಬಿಟ್ಟು, ಟ್ಯೂಬು ಬೀಡಿನ ಕೆಳಗೆ ಸಿಕ್ಕಿಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬಳಿಕ ಗಾಳಿ ತುಂಬಬೇಕು. ಟೈರಿನ ಬದಿಯಲ್ಲಿ ರಿಮ್ಮಿನ ಪಕ್ಕ ಕಾಣುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿದ್ದರೆ ಟೈರು ಸರಿಯಾಗಿ ಕುಳಿತಂತೆ. ಒಮ್ಮೆ ಗಾಳಿ ಬಿಟ್ಟು ಮತ್ತೆ ತುಂಬಿದರೆ ಟ್ಯೂಬಿನ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಗಾಳಿಯ ಪ್ರಮಾಣ

ಟೈರಿನ ಮೇಲೆ ಬರೆದ ಗಾಳಿಯ ಅಂಕಿ ಗರಿಷ್ಠ ಮಿತಿ. ಅದನ್ನು ಮೀರಬಾರದು, ಹಾಗೆಂದು ಅಷ್ಟೇ ತುಂಬಬೇಕೆಂದೂ ಇಲ್ಲ. ಮೇಲಿನ ಉದಾಹರಣೆಯಂತಹ ಗಾಡಿಗೆ ಹೊರೆ ಇರುವಾಗ ಹಿಂದಿನ ಟೈರಿಗೆ ಚದರ ಅಂಗುಲಕ್ಕೆ 30ರಿಂದ 33 ಪೌಂಡ್, ಮುಂದಿನದಕ್ಕೆ 22ರಿಂದ 25 ಪೌಂಡ್ ಒತ್ತಡದಿಂದ ಆರಂಭಿಸಿ ದಾರಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅಳತೆಯನ್ನು ಟೈರು ತಣ್ಣಗಿರುವಾಗ ನೋಡಬೇಕು.

ಟ್ಯೂಬಿನಲ್ಲಿ ಪಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಸಾಲದೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿದೆ ಎಂದರ್ಥ. ನೇರವಾಗಿದ್ದ ವಾಲ್ವು ಕೆಲವು ದಿನಗಳಲ್ಲಿ ಓರೆಯಾಗಿದ್ದರೆ ಮೋಟಾರಿನ ಬಲಕ್ಕೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ ಎಂದು ತಿಳಿಯಬೇಕು. ಹಾಗೆಯೇ ಬಿಟ್ಟರೆ ವಾಲ್ವು ಬುಡದಿಂದ ಕಿತ್ತು ಗಾಳಿ ಒಮ್ಮೆಲೇ ಹೋಗುತ್ತದೆ. ಅಂತಹ ವೇಳೆ ಗಾಳಿ ಬಿಟ್ಟು ವಾಲ್ವನ್ನು ನೇರ ಮಾಡಿ ಸರಿಯಾದ ಒತ್ತಡಕ್ಕೆ ತುಂಬಬೇಕು.

ಬ್ಯಾಟರಿಯ ಮೇಲಿನ ಪರಿಣಾಮ

ದಪ್ಪ ಟೈರು ಉರುಳಲು ಹೆಚ್ಚು ಬಲ ಬೇಕು. ಒಳ್ಳೆಯ ರಸ್ತೆಯಲ್ಲಿ ಗಾಳಿ ತುಂಬಿದ ಸೈಕಲ್ ಟೈರು 100 ಕಿ.ಗ್ರಾಂ ಭಾರಕ್ಕೆ ಸುಮಾರು 0.8 ಕಿ.ಗ್ರಾಂ ಎಳೆತ ಕೇಳಿದರೆ, ಮೊಪೆಡ್ ಟೈರು ಅದರ ಎರಡರಷ್ಟು ಕೇಳಬಹುದು. 155 ಕಿ.ಗ್ರಾಂ ಗಾಡಿಗೆ ಈ ವ್ಯತ್ಯಾಸದಿಂದ ಪ್ರತಿ ಕಿ.ಮೀ.ಗೆ ಸುಮಾರು 4 ವ್ಯಾಟ್ ಅವರ್ ಹೆಚ್ಚು ಖರ್ಚಾಗುತ್ತದೆ. 48 ವೋಲ್ಟ್, 12 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 576 ವ್ಯಾಟ್ ಅವರ್ ಇದ್ದು, ಐದರಲ್ಲಿ ನಾಲ್ಕು ಭಾಗವನ್ನು ಬಳಸಿದರೆ 460 ಸಿಗುತ್ತದೆ. ಕಿ.ಮೀ.ಗೆ 12 ವ್ಯಾಟ್ ಅವರ್ ಖರ್ಚಾಗುತ್ತಿದ್ದಾಗ 38 ಕಿ.ಮೀ. ಓಡುತ್ತಿದ್ದ ಗಾಡಿ, 16 ಆದಾಗ 29 ಕಿ.ಮೀ.ಗೆ ನಿಲ್ಲುತ್ತದೆ. ದಿನಕ್ಕೆ ಎಂಟು ಹತ್ತು ಕಿ.ಮೀ. ಓಡಾಡುವವರಿಗೆ ಇದು ದೊಡ್ಡ ತೊಂದರೆಯಲ್ಲ. ದೂರದ ಪೇಟೆಗೆ ಹೋಗಿ ಬರುವವರು ಮೊದಲೇ ಲೆಕ್ಕ ಹಾಕಬೇಕು. ಬ್ಯಾಟರಿ ಮುಗಿದ ಮೇಲೆ ಈ ಟೈರಿನ ಮೇಲೆ ಹೊರೆ ಸಮೇತ ಪೆಡಲ್ ತುಳಿಯುವುದು ಬಹಳ ಶ್ರಮದ ಕೆಲಸ.

ಬ್ರೇಕು

ಸೈಕಲ್ ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕು ಚಿಕ್ಕ ಮೋಟಾರ್ ಸೈಕಲ್ ರಿಮ್ಮಿನ ಎತ್ತರಕ್ಕೆ ನಿಲುಕುವುದಿಲ್ಲ. ಆದ್ದರಿಂದ ರಿಮ್ಮು ಬದಲಿಸುವವರು ಡಿಸ್ಕ್ ಅಥವಾ ಡ್ರಮ್ ಬ್ರೇಕಿನ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು. ಎರಡೂ ಚಕ್ರಕ್ಕೆ ಬ್ರೇಕು ಇರಲೇಬೇಕು. ವೇಗ ಗಂಟೆಗೆ 25 ಕಿ.ಮೀ.ನಿಂದ 35 ಕಿ.ಮೀ.ಗೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಬ್ರೇಕ್ ಹಿಡಿದೊಡನೆ ಮೋಟಾರಿನ ಕರೆಂಟು ನಿಲ್ಲುವ ಸ್ವಿಚ್ ಅಳವಡಿಸುವುದು ಕ್ಷೇಮ.

ಕಾನೂನಿನ ಮಿತಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ 30 ನಿಮಿಷಗಳ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಮತ್ತು ಬ್ಯಾಟರಿ ಬಿಟ್ಟು ತೂಕ 60 ಕಿ.ಗ್ರಾಂ ಮೀರದ, ತಕ್ಕ ಬ್ರೇಕು ಮತ್ತು ಬೆಳಕು ಪ್ರತಿಫಲಿಸುವ ಸಾಧನಗಳುಳ್ಳ ಎರಡು ಚಕ್ರದ ಬ್ಯಾಟರಿ ಗಾಡಿ ಮೋಟಾರು ವಾಹನವೆನಿಸುವುದಿಲ್ಲ. ಇದಕ್ಕೆ ನಿಗದಿತ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ. ಮೋಟಾರ್ ಸೈಕಲ್ ಟೈರು ಹಾಕಿದ ಮಾತ್ರಕ್ಕೆ ಗಾಡಿ ಮೋಟಾರ್ ಸೈಕಲ್ ಆಗುವುದಿಲ್ಲ, ಅದಕ್ಕೆ ತಕ್ಕ ವೇಗವೂ ಸಲ್ಲುವುದಿಲ್ಲ.

ಹೊರೆಯ ಎಚ್ಚರ

ಮರದ ಚಕ್ರದ ಗಾಡಿಗಳ ಬದಲು ಟೈರ್ ಗಾಡಿಗಳು ಬಂದಾಗ ಚಕ್ರ ಹೂತುಕೊಳ್ಳುವುದು ತಪ್ಪಿತು, ಎಳೆತ ಹಗುರವಾಯಿತು. ಹಗುರವಾಯಿತೆಂದು ಹೊರೆ ಹೆಚ್ಚಿಸಿದ ಕಡೆಗಳಲ್ಲಿ ಆ ಭಾರವನ್ನು ತಾಳಬೇಕಾದದ್ದು ಎತ್ತುಗಳ ಹೆಗಲು ಮತ್ತು ಗಾಡಿಯ ಅಚ್ಚು. ವಿದ್ಯುತ್ ಸೈಕಲ್ಲಿನಲ್ಲಿಯೂ ಹೀಗೆಯೇ. ಹೊಸ ಟೈರು ಪಂಕ್ಚರ್ ಆಗದೆ ಓಡುತ್ತಿರುವುದನ್ನು ಕಂಡು ಎರಡು ಕ್ಯಾನಿನ ಜಾಗದಲ್ಲಿ ನಾಲ್ಕು ಕ್ಯಾನು ಕಟ್ಟುವ ಮನಸ್ಸಾಗುತ್ತದೆ. ಟೈರು ಆ ಭಾರವನ್ನು ತಡೆಯಬಹುದು. ಸೈಕಲ್ಲಿನ ಫೋರ್ಕು, ಕ್ಯಾರಿಯರ್ ಮತ್ತು ವೆಲ್ಡಿಂಗ್ ತಡೆಯುವುದಿಲ್ಲ. ಹಿಂದೆ ಪಂಕ್ಚರ್ ಆಗಿ ಗಾಡಿ ನಿಲ್ಲುತ್ತಿತ್ತು. ಈಗ ಓಡುವಾಗಲೇ ಫೋರ್ಕು ಮುರಿಯಬಹುದು. ಮೊದಲನೆಯದರಲ್ಲಿ ಹಾಲು ಕೆಡುತ್ತದೆ, ಎರಡನೆಯದರಲ್ಲಿ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ ಟೈರು ಬದಲಿಸಿದ ನಂತರವೂ ಮೊದಲಿನ ಹೊರೆಯನ್ನೇ ಹೊರಿಸಬೇಕು.

ಹೊಸ ಚಕ್ರದ ಮೇಲೆ ಮೊದಲು ಹೊರೆಯಿಲ್ಲದೆ ಒಂದು ಕಿ.ಮೀ. ನಿಧಾನವಾಗಿ ಓಡಿಸಿ ಅಚ್ಚಿನ ನಟ್ಟು, ಬ್ರೇಕು ಮತ್ತು ವಾಲ್ವನ್ನು ಪರೀಕ್ಷಿಸಬೇಕು. ಸುಮಾರು 50 ಕಿ.ಮೀ. ಓಡಿದ ಮೇಲೆ ಎಲ್ಲ ಕಡ್ಡಿಗಳನ್ನೂ ಬೆರಳಿನಿಂದ ಮಿಡಿದು ನೋಡಿ ಸಡಿಲವಾದವನ್ನು ಬಿಗಿಯಬೇಕು. ಆನಂತರ ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಕಡ್ಡಿ ಮತ್ತು ವೆಲ್ಡಿಂಗ್ ಜೋಡಣೆಗಳನ್ನು ನೋಡುವ ರೂಢಿ ಇಟ್ಟುಕೊಳ್ಳಬೇಕು. ವೆಲ್ಡಿಂಗ್ ಬಳಿ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಅಂದೇ ಗಾಡಿಯನ್ನು ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಅಳತೆ ನೋಡಿ ಆರಿಸಿದ ಟೈರು, ಅದಕ್ಕೆ ಹೊಂದುವ ರಿಮ್ಮು, ನಂಬಬಹುದಾದ ಬ್ರೇಕು ಮತ್ತು ಮಿತವಾದ ಹೊರೆ ಇದ್ದಲ್ಲಿ ಇಂತಹ ಗಾಡಿಯಿಂದ ರೈತರು ಬಹುಕಾಲ ಪ್ರಯೋಜನ ಪಡೆಯಬಹುದು.